ಮಚ್ಚೆ ಹುಡುಕಿಕೊಂಡು ಹೋದ ಡಾಕ್ಟರು

‘ಕಣ್ಣು ಮುಚ್ಕೊಳ್ಳಿ ಅಜ್ಜ. ಎಲ್ಲಿ ಮುಟ್ತೀನೋ ಅಲ್ಲಿ ಬೆರಳಿಡಿ.’

ಆರೋಗ್ಯ ಸಹಾಯಕಿಯ ಕೈಯಲ್ಲಿರುವುದು ಚೂಪಾಗಿ ಹೊಸೆದ ಹತ್ತಿಯ ಎಳೆ. ಭುಜಕ್ಕೆ ತಾಗಿಸಿದರೆ ಅಜ್ಜನ ಬೆರಳು ತಕ್ಷಣ ಅಲ್ಲಿಗೆ ಹೋಗುತ್ತದೆ. ಮೊಣಕೈಗೂ ಅಷ್ಟೆ. ತೋಳಿನ ತಾಮ್ರಬಣ್ಣದ ಮಚ್ಚೆಗೆ ತಾಗಿಸಿದಾಗ ಮಾತ್ರ ಬೆರಳು ಅಲುಗುವುದಿಲ್ಲ. ಕುಷ್ಠರೋಗದ ಗುರುತು ಸಿಗುವುದು ಹೀಗೆ. ಚನ್ನಗಿರಿಯ ಅಡಿಕೆ ಸೀಮೆಯಿರಲಿ, ಹೊನ್ನಾಳಿ-ನ್ಯಾಮತಿಯ ಹಳ್ಳಿಗಳಿರಲಿ, ಜಗಳೂರಿನ ಬೆದ್ದಲು ನಾಡಿರಲಿ, ಈ ಪರೀಕ್ಷೆಗೆ ಯಂತ್ರ ಬೇಡ. ಮನೆ ಬಾಗಿಲಿಗೆ ಹೋಗುವ ಮನಸ್ಸಿದ್ದರೆ ಸಾಕು.

ಹಾಗೆ ಹೋಗುವುದನ್ನೇ ಬದುಕಾಗಿಸಿಕೊಂಡವರು ಡಾ. ಎಚ್. ಸುದರ್ಶನ್. ಬೆಂಗಳೂರಿನ ಯಮಲೂರಿನವರು. ಹನ್ನೆರಡರ ವಯಸ್ಸಿನಲ್ಲಿ, ವೈದ್ಯರ ನೆರವು ಸಿಗದೆ ತಂದೆ ತೀರಿಕೊಂಡದ್ದನ್ನು ಕಂಡರು. 1973ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ ದುಡಿದು, 1979ರಲ್ಲಿ ಬಿಳಿಗಿರಿರಂಗನ ಬೆಟ್ಟ ಹತ್ತಿದರು. ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ನಡೆದುಹೋಗಿ ಮದ್ದು ಕೊಟ್ಟರು. ಅವರಲ್ಲಿ ಕುಡಗೋಲು ಕಣ ರಕ್ತಹೀನತೆ ಇರುವುದನ್ನು ಗುರುತಿಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು.

ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕಾದಿದ್ದದ್ದು ಕುಷ್ಠ. ಜನ ಹೆಸರೆತ್ತಲು ಹೆದರಿ ‘ದೊಡ್ಡ ರೋಗ’ ಎನ್ನುತ್ತಿದ್ದ ಕಾಯಿಲೆ. ಅದಕ್ಕೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಶುರುವಾಯಿತು. 1987ರಲ್ಲಿ ಅಲ್ಲಿ ಸಾವಿರ ಜನರಲ್ಲಿ 21ಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು. 2005ರ ಹೊತ್ತಿಗೆ ಅದು ಸಾವಿರಕ್ಕೆ ಒಬ್ಬರಿಗಿಂತಲೂ ಕೆಳಗಿಳಿಯಿತು. ಬಹು ಔಷಧ ಚಿಕಿತ್ಸೆಯೇನೋ ಆಗಲೇ ಬಂದಿತ್ತು. ಆದರೆ ಮಚ್ಚೆಯನ್ನು ಸೆರಗಿನಡಿ, ಅಂಗಿಯಡಿ ಮುಚ್ಚಿಟ್ಟುಕೊಂಡವರನ್ನು ಮದ್ದು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಯಾರಾದರೂ ಹೋಗಬೇಕು. ಯಳಂದೂರಿನಲ್ಲಿ ಗೆದ್ದದ್ದು ಆ ನಡಿಗೆ.

1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯೂ ಟ್ರಸ್ಟಿನ ಪಾಲಿಗೆ ಬಂತು. ಮೂರ್ಛೆರೋಗ, ಮಾನಸಿಕ ಕಾಯಿಲೆಗಳಿಗೂ ಹಳ್ಳಿಯಲ್ಲೇ ಮದ್ದು ಸಿಗುವಂತಾಯಿತು. ಮುಂದೆ ಸುದರ್ಶನ್ ಅವರು ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾದರು. ಲೋಕಾಯುಕ್ತದಲ್ಲಿದ್ದು ಆರೋಗ್ಯ ಇಲಾಖೆಯ ಲಂಚದ ಬೇರನ್ನೂ ಕೆದಕಿದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದವು.

ದೇಶದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಗುರಿ ಮುಟ್ಟಿದ್ದು 2005ರ ಕೊನೆಗೆ. ಹಾಗೆಂದು ಕುಷ್ಠ ಪೂರ್ತಿ ಹೋಗಿಲ್ಲ. ಪ್ರತಿ ವರ್ಷ ಜನವರಿ 30ರ ಆಸುಪಾಸಿನಲ್ಲಿ ನಡೆಯುವ ‘ಸ್ಪರ್ಶ’ ಅಭಿಯಾನ ಇದಕ್ಕಾಗಿಯೇ.

ಸುದರ್ಶನ್ ಅವರಿಗೆ ಶಾಲು ಹೊದಿಸಿ ಹಾರ ಹಾಕುವವರಿಗೆ ಬರವಿಲ್ಲ. ನಾವು ನೀವು ಸಲ್ಲಿಸಬಹುದಾದ ಗೌರವ ಬೇರೆ ಇದೆ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ತೋರಿಸಿ. ಇದು ಶಾಪವಲ್ಲ, ವಂಶದಿಂದ ಬರುವುದೂ ಅಲ್ಲ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷದ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ.