ಶುಗರ್ ಲೆಕ್ಕ ಬಾಯಿಪಾಠ, ಬಿಪಿ ಗುಳಿಗೆ ಎಲ್ಲಿ?

ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ "ಶುಗರ್ ಎಷ್ಟೈತ್ರೀ?" ಎಂಬ ವಿಚಾರಣೆ ಈಗ "ಚಾ ಆತಾ?" ಎಂಬಷ್ಟೇ ಮಾಮೂಲು. ಊಟಕ್ಕೆ ಮೊದಲು ಇಷ್ಟು, ಆಮೇಲೆ ಇಷ್ಟು ಎಂದು ಉತ್ತರವೂ ಥಟ್ಟನೆ ಬರುತ್ತದೆ. "ಮತ್ತೆ ಬಿಪಿ?" ಎಂದರೆ ಮಾತ್ರ, "ಅದು ಕಮ್ಮಿ ಆತು, ಗುಳಿಗೆ ಬಿಟ್ಟೀನಿ ಬಿಡ್ರೀ!"

ಎಡವಟ್ಟು ಇಲ್ಲೇ. ಕಮ್ಮಿಯಾದದ್ದು ಗುಳಿಗೆಯಿಂದ. ಬಿಟ್ಟರೆ ಮತ್ತೆ ಏರುತ್ತದೆ, ಏರಿದ್ದು ಗೊತ್ತೂ ಆಗುವುದಿಲ್ಲ. ತಲೆನೋವು ಬಂದರಷ್ಟೇ ಬಿಪಿ ಎಂಬುದು ಸುಳ್ಳು ಲೆಕ್ಕ. ಸಕ್ಕರೆ ಕಾಯಿಲೆ ಮೊದಲೇ ಕೆಡಿಸಿಟ್ಟ ರಕ್ತನಾಳಗಳ ಮೇಲೆ ಬಿಪಿಯೂ ಸೇರಿದರೆ ಪೆಟ್ಟು ಹೃದಯ, ಮಿದುಳು, ಕಣ್ಣು, ಮೂತ್ರಪಿಂಡಕ್ಕೆ.

ಬ್ರಿಟನ್ನಿನ ವೈದ್ಯರು ಇದನ್ನು ಅಳೆದೇ ನೋಡಿದ್ದಾರೆ. ಎರಡೂ ಕಾಯಿಲೆಯಿದ್ದ 1148 ಮಂದಿಯನ್ನು ಎರಡು ಗುಂಪು ಮಾಡಿ ಸುಮಾರು 8 ವರ್ಷ ಗಮನಿಸಿದರು. ಬಿಗಿ ಚಿಕಿತ್ಸೆಯವರ ಬಿಪಿ ಸರಾಸರಿ 144/82, ಸಡಿಲ ಚಿಕಿತ್ಸೆಯವರದು 154/87. ಮೇಲಿನ ಅಂಕಿಯಲ್ಲಿ ಬರೀ ಹತ್ತರ ವ್ಯತ್ಯಾಸ! ಆದರೂ 1998ರಲ್ಲಿ ಫಲಿತಾಂಶ ಬಂದಾಗ ಬಿಗಿ ಗುಂಪಿನಲ್ಲಿ ಲಕ್ವ ಶೇ. 44ರಷ್ಟು, ಸಕ್ಕರೆ ಕಾಯಿಲೆಯ ಸಂಬಂಧದ ಸಾವು ಶೇ. 32ರಷ್ಟು ಕಡಿಮೆ.

ಅಂಗಡಿಯವರು ಕಿವಿಗೊಡಬೇಕಾದ್ದು ಮುಂದಿನ ಸಂಗತಿಗೆ. ಪ್ರಯೋಗ ಮುಗಿದ ಎರಡೇ ವರ್ಷದಲ್ಲಿ ಎರಡೂ ಗುಂಪಿನ ಬಿಪಿ ಸರಿಸಮವಾಯಿತು, ಗಳಿಸಿದ ಲಾಭವೂ ಬರಬರುತ್ತಾ ಕರಗಿತು ಎಂದು 2008ರ ವರದಿ ಹೇಳಿತು. ಶುಗರ್ ಹತೋಟಿಯ ಲಾಭ ವರ್ಷಗಟ್ಟಲೆ ಉಳಿದಿತ್ತು. ಬಿಪಿಯದು ಹಾಗಲ್ಲ, ಅದು ಠೇವಣಿಯಲ್ಲ, ದಿನದ ವ್ಯಾಪಾರ.

ಈಗ ವೈದ್ಯರ ಸಾಮಾನ್ಯ ಗುರಿ 130/80ರ ಒಳಗೆ. ವಯಸ್ಸು, ತ್ರಾಣ ನೋಡಿ ಇದು ಬದಲಾದೀತು. ಎರಡು ಮೂರು ಗುಳಿಗೆ ಬರೆದರೆ ಗಾಬರಿ ಬೇಡ, ಹಲವರಿಗೆ ಒಂದು ಸಾಲುವುದಿಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟಾನ್‌ನಂಥವು ಮೂತ್ರಪಿಂಡಕ್ಕೂ ಕಾವಲು. ಎನಲಾಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತದೆ. ಆಗ ಮಾಡಬೇಕಾದ್ದು ಗುಳಿಗೆ ಬಿಡುವುದಲ್ಲ, ಬದಲಿ ಬರೆಸಿಕೊಳ್ಳುವುದು. ಎದ್ದು ನಿಂತಾಗ ತಲೆ ಸುತ್ತಿದರೂ ಡಾಕ್ಟರಿಗೆ ಹೇಳಬೇಕು, ಅವರು ನಿಲ್ಲಿಸಿ ಬಿಪಿ ನೋಡುತ್ತಾರೆ.

ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗಿರಬೇಕು. ಮಿರ್ಚಿ ಮಂಡಕ್ಕಿಯ ಊರಿನವರಿಗೆ ಈ ಮಾತು ರುಚಿಸುವುದು ಕಷ್ಟವೇ!

ಬಸ್ಸಿಳಿದು ಓಡಿಬಂದವರೇ ತೋಳು ಚಾಚಿದರೆ ಬಿಪಿ ಯಂತ್ರ ತಪ್ಪು ಹೇಳುತ್ತದೆ. ಐದು ನಿಮಿಷ ಸುಮ್ಮನೆ ಕೂರಬೇಕು. ಅರ್ಧ ಗಂಟೆ ಮುಂಚಿನಿಂದ ಚಾ, ಬೀಡಿ ಎರಡೂ ಬಂದ್. ಜಿಲ್ಲಾ, ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ ವಿಭಾಗದಲ್ಲಿ ಶುಗರ್, ಬಿಪಿ ಎರಡನ್ನೂ ಪುಕ್ಕಟೆ ನೋಡುತ್ತಾರೆ, ಗುಳಿಗೆಯೂ ಅಲ್ಲೇ ಸಿಗುತ್ತದೆ. ಹೋಗುವಾಗ ಹಳೇ ಚೀಟಿ ಜೇಬಿನಲ್ಲಿರಲಿ.