ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ!

"ಬಿಳೀ ಒಡವೆ ಹಾಕ್ಕೊಂಡು ಹಸೆಮಣೆ ಮೇಲೆ ಕೂತ್ರೆ ನೋಡ್ದೋರು ಏನಂತಾರೆ? ಕೈಲಾಗ್ದೆ ಬೆಳ್ಳೀದು ಮಾಡ್ಸಿದ್ರು ಅನ್ನೋಲ್ವೇ?"

ಎನ್. ಬೇಗೂರಿನ ನಮ್ಮ ಅತ್ತಿಗೆಯ ಪ್ರಶ್ನೆ ಇದು. ಅಣ್ಣನ ಮಗಳ ಮದುವೆ ಗೊತ್ತಾಗಿತ್ತು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹುಡುಗಿಗೋ ಒಂದೇ ಹಟ. ಉಂಗುರ, ಸರ, ಬಳೆ ಎಲ್ಲವೂ ಪ್ಲಾಟಿನಂನದೇ ಆಗಬೇಕು! ಹೊಗೆಸೊಪ್ಪಿನ ಹರಾಜಿನಲ್ಲಿ ಬಂದ ಹಣದಲ್ಲಿ ಅಣ್ಣ ಒಡವೆಗೆಂದು ಎತ್ತಿಟ್ಟಿದ್ದ ಗಂಟು ಮಾತ್ರ ಒಂದೇ. "ನೀನೇ ಒಂದು ತೀರ್ಮಾನ ಹೇಳಮ್ಮ" ಎಂದು ತಾಯಿ ಮಗಳಿಬ್ಬರೂ ನನ್ನ ಮುಂದೆ ಕುಳಿತರು.

ಒಡವೆಯ ವಿಷಯದಲ್ಲಿ ತೀರ್ಮಾನ ಹೇಳುವುದು ಅಷ್ಟು ಸುಲಭವೇ? ಮೈಸೂರಿನ ಅಶೋಕ ರಸ್ತೆಯ ಒಡವೆ ಅಂಗಡಿಗಳನ್ನು ಸುತ್ತಿದೆ. ನಮ್ಮ ಮನೆಯ ಒಡವೆಗಳನ್ನೆಲ್ಲ ಮಾಡಿಕೊಟ್ಟ ಆಚಾರ್ರನ್ನೂ ಕೇಳಿದೆ. ತಿಳಿದುಕೊಂಡದ್ದನ್ನು ಸೋದರಿಯರ ಮುಂದಿಡುತ್ತಿದ್ದೇನೆ. ಇಂದಲ್ಲ ನಾಳೆ ನಿಮ್ಮ ಮನೆಯಲ್ಲೂ ಈ ಮಾತು ಬರಬಹುದು.

ಹೊಳೆಗೆ ಎಸೆದ ಲೋಹ

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಹೊಳೆಯ ಮರಳಿನಿಂದ ಚಿನ್ನ ಸೋಸುತ್ತಿದ್ದ ಸ್ಪೇನಿನವರಿಗೆ ಚಿನ್ನದ ಜೊತೆ ಬಿಳಿಯ ಕಾಳುಗಳೂ ಸಿಗುತ್ತಿದ್ದವು. ಎಷ್ಟು ಕಾಯಿಸಿದರೂ ಕರಗದ ಅವನ್ನು ತಾತ್ಸಾರದಿಂದ 'ಪ್ಲಾಟಿನಾ', ಎಂದರೆ ಪುಟ್ಟ ಬೆಳ್ಳಿ, ಎಂದು ಕರೆದರು. ಚಿನ್ನಕ್ಕೆ ಕಲಬೆರಕೆ ಮಾಡಿಯಾರೆಂದು ಹೆದರಿ ಹೊಳೆಗೆ ಎಸೆದದ್ದೂ ಉಂಟಂತೆ! ಅದೇ ಲೋಹ ಮುಂದೆ ಅರಮನೆ ಹೊಕ್ಕಿತು. 1928ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರಿಗೆ ಪ್ಯಾರಿಸಿನ ಕಾರ್ಟಿಯೇ ಮನೆತನ ಮಾಡಿಕೊಟ್ಟ ವಜ್ರದ ಕಂಠಹಾರ ಪ್ಲಾಟಿನಂನದು. ನಮ್ಮ ಕೊಹಿನೂರ್ ವಜ್ರ ಕುಳಿತಿರುವ, 1937ರಲ್ಲಿ ಇಂಗ್ಲೆಂಡಿನ ರಾಣಿಗಾಗಿ ಮಾಡಿದ ಕಿರೀಟವೂ ಪ್ಲಾಟಿನಂನದೇ.

ಚಿನ್ನಕ್ಕಾದರೆ ನಮ್ಮಲ್ಲಿ 2001ರವರೆಗೆ ಕೋಲಾರವಿತ್ತು, ರಾಯಚೂರು ಜಿಲ್ಲೆಯ ಹಟ್ಟಿ ಈಗಲೂ ಇದೆ. ಪ್ಲಾಟಿನಂ ಹಾಗಲ್ಲ. ಪ್ರಪಂಚದ ಗಣಿಗಳಿಂದ ಬರುವುದರಲ್ಲಿ ಹೆಚ್ಚು ಪಾಲು ದಕ್ಷಿಣ ಆಫ್ರಿಕಾದ್ದು.

ಗುಣಗಳೇನು?

ಮೊದಲನೆಯದಾಗಿ, ಅದು ಮಾಸುವುದಿಲ್ಲ. ಬೆಳ್ಳಿಯಂತೆ ಕಪ್ಪಾಗುವುದಿಲ್ಲ. ಹುಣಿಸೆಹಣ್ಣು, ಸೀಗೆಪುಡಿ, ಸೋಪಿನ ನೀರು, ಬೆವರು ಯಾವುದೂ ಅದನ್ನು ಕೆಡಿಸವು.

ಎರಡನೆಯದು, ಮೈಗೆ ಒಗ್ಗುತ್ತದೆ. ಗಿಲೀಟಿನ ಓಲೆ ಹಾಕಿದರೆ ಕಿವಿ ಕೆಂಪಾಗಿ ಸೋರುವವರು ನಮ್ಮಲ್ಲಿ ಎಷ್ಟು ಮಂದಿ! ಹೆಚ್ಚಿನ ಸಲ ಅದಕ್ಕೆ ಕಾರಣ ನಿಕ್ಕಲ್. ಕೆಲವು ಬಿಳಿ ಚಿನ್ನದಲ್ಲೂ ನಿಕ್ಕಲ್ ಇರುತ್ತದೆ. ಒಳ್ಳೆಯ ಪ್ಲಾಟಿನಂ ಒಡವೆಯಲ್ಲಿ ಆ ಕಾಟವಿಲ್ಲ.

ಮೂರನೆಯದು, ಅದರ ಹಿಡಿತ. ವಜ್ರವನ್ನು ಕಚ್ಚಿ ಹಿಡಿಯುವ ಪುಟ್ಟ ಮುಳ್ಳುಗಳು ಪ್ಲಾಟಿನಂನದಾದರೆ ಬೇಗ ಸವೆಯುವುದಿಲ್ಲ. ಗೀರು ಬೀಳುವುದುಂಟು. ಆದರೆ ಗೀರಿದಾಗ ಲೋಹ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಚಿನ್ನದಷ್ಟು ಉದುರಿ ಹೋಗುವುದಿಲ್ಲ. ವರ್ಷಗಳು ಕಳೆದಂತೆ ಮೊದಲಿನ ಕನ್ನಡಿ ಹೊಳಪು ಮಂಕಾಗಿ ಮಂಜಿನಂಥ ಛಾಯೆ ಬರುತ್ತದೆ. ಬೇಡವೆಂದರೆ ಪಾಲಿಶ್ ಹಾಕಿಸಿಕೊಳ್ಳಬಹುದು.

ಇನ್ನು ದೋಷಗಳು

ನಮ್ಮ ಆಚಾರ್ರು ಅಣ್ಣನ ಮಗಳು ತಂದ ಪ್ಲಾಟಿನಂ ಉಂಗುರದ ಚಿತ್ರವನ್ನು ನೋಡಿ ನಕ್ಕರು. "ಅಮ್ಮಾವ್ರೇ, ಇದು ನನ್ ಬೆಂಕಿಗೆ ಜಗ್ಗೋ ಮಾಲಲ್ಲ."

ಅವರ ಮಾತು ನಿಜ. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ, ಚಿನ್ನ 1064ಕ್ಕೆ. ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು! ಊರಿನ ಕುಲುಮೆಗೆ ಅದು ಎಟುಕದು. ಬಾಣಂತನದ ಮೇಲೆ ಬೆರಳು ದಪ್ಪವಾಗಿ ಉಂಗುರ ಬಿಗಿಯಾಯಿತೆನ್ನಿ, ಸರದ ಕೊಂಡಿ ಮುರಿಯಿತೆನ್ನಿ, ಸರಗೂರಿನಲ್ಲೋ ಕೋಟೆಯಲ್ಲೋ ಅರ್ಧ ಗಂಟೆಯಲ್ಲಿ ಸರಿಮಾಡಿಸಿಕೊಂಡು ಬರುವಂತಿಲ್ಲ. ಕೊಂಡ ದೊಡ್ಡ ಅಂಗಡಿಗೇ ಹೋಗಬೇಕು. ಮಜೂರಿಯೂ ಚಿನ್ನಕ್ಕಿಂತ ಹೆಚ್ಚು.

ತೂಕದ ಲೆಕ್ಕವೂ ಇದೆ. ಪ್ಲಾಟಿನಂ ಚಿನ್ನಕ್ಕಿಂತ ಭಾರದ ಲೋಹ. 22 ಕ್ಯಾರೆಟ್ಟಿನ 4 ಗ್ರಾಂ ಉಂಗುರವನ್ನು ಅದೇ ಅಳತೆಗೆ ಪ್ಲಾಟಿನಂನಲ್ಲಿ ಮಾಡಿದರೆ ನಾಲ್ಕೂವರೆ ಗ್ರಾಂ ದಾಟುತ್ತದೆ.

ಬೆಲೆಯ ಮಾತಂತೂ ವಿಚಿತ್ರ. 2008ರಲ್ಲಿ ಪ್ಲಾಟಿನಂ ಬೆಲೆ ಚಿನ್ನದ ಸುಮಾರು ಎರಡರಷ್ಟಕ್ಕೆ ಏರಿತ್ತು. 2015ರಿಂದ ಈಚೆಗೆ ಚಿನ್ನವೇ ಮೇಲಾಯಿತು. ಕಾರಣವೇನೆಂದರೆ, ಪ್ಲಾಟಿನಂ ಬರೀ ಒಡವೆಯ ಲೋಹವಲ್ಲ. ಮೋಟಾರು ಗಾಡಿಗಳ ಹೊಗೆ ಶುದ್ಧಮಾಡುವ ಸಾಧನಕ್ಕೂ ಅದು ಬೇಕು. ಅದರ ಬೆಲೆ ಕಾರ್ಖಾನೆಗಳ ಏಳುಬೀಳಿನ ಜೊತೆಗೆ ಏಳುತ್ತದೆ, ಬೀಳುತ್ತದೆ.

ಕಷ್ಟಕಾಲಕ್ಕೆ ಆಗುವುದೇ?

ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಪ್ರಶ್ನೆಯೇ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಮಳೆ ಕೈಕೊಟ್ಟಿತು. ಅಣ್ಣನ ಕಾಲೇಜಿನ ಫೀಸು ಕಟ್ಟಬೇಕು, ಮನೆಯಲ್ಲಿ ಕಾಸಿಲ್ಲ. ಅಮ್ಮ ಮಾತಾಡದೆ ಎರಡು ಬಳೆ ಬಿಚ್ಚಿ ಅಪ್ಪನ ಕೈಗಿಟ್ಟಳು. ಸಂಜೆಯೊಳಗೆ ಬ್ಯಾಂಕಿನಿಂದ ಹಣ ಬಂತು. ಮರುವರ್ಷ ಬಳೆ ಬಿಡಿಸಿಕೊಂಡು ಬಂದಾಗ ಅಮ್ಮ ಅವನ್ನು ದೇವರ ಮುಂದಿಟ್ಟು ತೊಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಮ್ಮನ ಬಳೆ ಪ್ಲಾಟಿನಂನದಾಗಿದ್ದರೆ? ಒಡವೆ ಸಾಲದ ಬಗ್ಗೆ 2025ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿಯಮಗಳಲ್ಲಿ ಚಿನ್ನ, ಬೆಳ್ಳಿಗಳ ಹೆಸರಿದೆ, ಪ್ಲಾಟಿನಂನ ಹೆಸರಿಲ್ಲ. ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡಿ ಬೆಲೆ ಕಟ್ಟುವವರು ಊರೂರಲ್ಲಿ ಇದ್ದಾರೆ. ಬಿಳಿಯ ಲೋಹವನ್ನು ಕಂಡರೆ ಅವರೂ ಹಿಂದೆ ಸರಿಯುತ್ತಾರೆ. ಗಂಡನ ಸಂಪಾದನೆ ಎಷ್ಟೇ ಇರಲಿ, ನಡುರಾತ್ರಿ ಆಸ್ಪತ್ರೆಗೆ ಓಡುವ ದಿನ ಹೆಂಗಸಿನ ಕೈಗೆ ಬರುವುದು ಅವಳ ಒಡವೆಯೇ ಅಲ್ಲವೇ?

ಕೊಳ್ಳುವಾಗ ನೆನಪಿರಲಿ

* ಒಡವೆಯ ಒಳಬದಿಯಲ್ಲಿ 'ಪಿಟಿ 950' ಎಂಬ ಮುದ್ರೆ ನೋಡಿ. ಸಾವಿರ ಪಾಲಿನಲ್ಲಿ 950 ಪಾಲು ಪ್ಲಾಟಿನಂ ಎಂದು ಅದರ ಅರ್ಥ. ಅಪ್ಪಟ ಪ್ಲಾಟಿನಂ ಮೆದು, ಅದಕ್ಕೇ ಬೇರೆ ಲೋಹ ಬೆರೆಸುತ್ತಾರೆ.

* ಚಿನ್ನಕ್ಕೆ ಬಿ.ಐ.ಎಸ್. ಹಾಲ್‌ಮಾರ್ಕ್ 2021ರಿಂದ ಕಡ್ಡಾಯವಾಗುತ್ತ ಬಂದಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನಲ್ಲಿ ಆರು ಅಕ್ಷರ-ಅಂಕಿಗಳ ಗುರುತು ಇರಲೇಬೇಕು. ಪ್ಲಾಟಿನಂಗೆ ಅಂಥ ಕಡ್ಡಾಯವಿಲ್ಲ. ಆದ್ದರಿಂದ ಶುದ್ಧತೆಯ ಪ್ರಮಾಣಪತ್ರ ಕೇಳಿ ಪಡೆಯಿರಿ.

* ಬಿಳಿ ಚಿನ್ನವೇ ಬೇರೆ, ಪ್ಲಾಟಿನಂ ಬೇರೆ. ಬಿಳಿ ಚಿನ್ನಕ್ಕೆ ಸಾಮಾನ್ಯವಾಗಿ ರೋಡಿಯಂ ಲೇಪ ಕೊಟ್ಟಿರುತ್ತಾರೆ. ಅದು ಸವೆದಾಗ ಒಳಗಿನ ಹಳದಿ ಇಣುಕುತ್ತದೆ.

* "ಮುಂದೆ ಮಾರಿದರೆ ಎಷ್ಟು ಕೊಡ್ತೀರಿ, ಎಷ್ಟು ಮುರಿದುಕೊಳ್ತೀರಿ?" ಎಂದು ಮೊದಲೇ ಕೇಳಿ. ಉತ್ತರವನ್ನು ರಸೀತಿಯ ಮೇಲೆ ಬರೆಸಿಕೊಳ್ಳಿ. ಸಂಕೋಚ ಬೇಡ.

* ತೊಳೆಯಲು ಉಗುರುಬೆಚ್ಚನೆಯ ಸೋಪಿನ ನೀರು, ಮೆತ್ತನೆಯ ಹಳೇ ಬ್ರಷ್ಷು ಸಾಕು. ಉಜ್ಜಿ ಗೀರಾಗದಂತೆ ಬೇರೆ ಡಬ್ಬಿಯಲ್ಲಿಡಿ.

ಕೊನೆಗೆ ಏನಾಯಿತು?

ಹುಡುಗಿಗೆ ನಾನು ಹೇಳಿದ್ದಿಷ್ಟೆ. "ಆಸೆಗೊಂದು ಒಡವೆ, ಆಸರೆಗೊಂದು ಒಡವೆ. ಎರಡನ್ನೂ ಒಂದೇ ಅಂದ್ಕೋಬೇಡ ಮಗಳೇ." ಅಜ್ಜಿಯ ಬಳೆಯ ಕಥೆಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಉಂಗುರ ಮಾತ್ರ ಸಾಕು ಅತ್ತೆ, ನಮ್ಮಿಬ್ಬರಿಗೂ ಒಂದೊಂದು" ಎಂದಳು. ಸರ, ಬಳೆ, ತಾಳಿ ಚಿನ್ನದಲ್ಲೇ ಆದವು.

ಮದುವೆಯ ದಿನ ಬೀಗಿತ್ತಿಯೊಬ್ಬರು ಉಂಗುರದತ್ತ ಬಗ್ಗಿ ನೋಡಿ, "ಬೆಳ್ಳೀದಾ?" ಎಂದರು. ನಾನು ಬಾಯಿ ತೆರೆಯುವ ಮುನ್ನವೇ ನಮ್ಮ ಅತ್ತಿಗೆ, "ಅಯ್ಯೋ, ಪ್ಲಾಟಿನಂ ಕಣ್ರೀ! ಒಳಗಡೆ ಮುದ್ರೆ ಇದೆ, ನೋಡಿ ಬೇಕಾದ್ರೆ!" ಎಂದು ಮಗಳ ಕೈಯನ್ನೇ ಎತ್ತಿ ಹಿಡಿದರು.