ಎರಡೂ ಕಿವಿಗೆ ಪಾಲಿರಲಿ

ಸಂಗೀತ ಕಛೇರಿಯಲ್ಲಿ ಗಾಯಕರು ನಡುವೆ. ಒಂದು ಪಕ್ಕ ಪಿಟೀಲು, ಇನ್ನೊಂದು ಪಕ್ಕ ಮೃದಂಗ. ಕಣ್ಣು ಮುಚ್ಚಿದರೂ ಯಾವ ನಾದ ಎತ್ತಣಿಂದ ಬಂತೆಂದು ತಿಳಿಯುತ್ತದಲ್ಲವೇ ಮಕ್ಕಳೇ? ಎಡದ ಶಬ್ದ ಎಡಗಿವಿಗೆ ತುಸು ಬೇಗ, ತುಸು ಜೋರಾಗಿ ಮುಟ್ಟುತ್ತದೆ. ಆ ವ್ಯತ್ಯಾಸವನ್ನು ಮಿದುಳು ಲೆಕ್ಕ ಹಾಕುತ್ತದೆ. ಇದೇ ಗುಟ್ಟು ಹಿಡಿದು ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದರು.

ಈಗ ಮನೆಯ ಕಂಪ್ಯೂಟರ್, ಆಡಾಸಿಟಿಯಂಥ ಉಚಿತ ತಂತ್ರಾಂಶ ಇದ್ದರೆ ಸಾಕು. ಹಾಡು, ಹಾರ್ಮೋನಿಯಂ, ತಬಲಾಗಳನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಧ್ವನಿಮುದ್ರಿಸಿ. ಪ್ರತಿ ಟ್ರ್ಯಾಕಿಗೂ ‘ಪ್ಯಾನ್’ ಎಂಬುದೊಂದಿದೆ. ಅದನ್ನು ಎಡಕ್ಕೆ ಸರಿಸಿದರೆ ವಾದ್ಯವೂ ಎಡಕ್ಕೆ ಸರಿಯುತ್ತದೆ. ಹಾಡುವ ದನಿ ನಡುವೆಯೇ ಇರಲಿ. ಹಾರ್ಮೋನಿಯಂ ಶೇಕಡಾ 30ರಷ್ಟು ಎಡಕ್ಕೆ, ತಬಲಾ ಅಷ್ಟೇ ಬಲಕ್ಕೆ. ಆಗ ಹಾಡಿನ ಮಾತು ವಾದ್ಯಗಳಡಿ ಮುಚ್ಚಿಹೋಗದು.

ಪೂರ್ತಿ ನೂರಕ್ಕೆ ಮಾತ್ರ ಎಳೆಯಬೇಡಿ. ನನಗೆ ಬಲಗಿವಿ ಕೇಳಿಸದು. ಮೊಮ್ಮಗಳು ತಬಲಾವನ್ನು ಪೂರ್ತಿ ಬಲಕ್ಕಿಟ್ಟು ನನಗೆ ಹೆಡ್‌ಫೋನ್ ಕೊಟ್ಟಳು.

“ತಾತ, ತಬಲಾ ಹೇಗಿದೆ?”

“ಯಾವ ತಬಲಾನಮ್ಮಾ?”

ಅವಳು 30ಕ್ಕೆ ಇಳಿಸಿದಳು, ತಾಳ ಬಂತು! ಬ್ಯಾಂಕಿನವನ ಮಾತಲ್ಲಿ ಹೇಳುವುದಾದರೆ, ಎರಡೂ ಖಾತೆಗೆ ಜಮೆಯಾಯಿತು.

ಒಂದು ಕಿವಿ ಮಂದವಾದ ಅಜ್ಜ-ಅಜ್ಜಿಯರೇ, ಅನೇಕ ಫೋನುಗಳ ಸೆಟ್ಟಿಂಗ್ಸಿನಲ್ಲಿ ‘ಮೋನೊ ಆಡಿಯೊ’ ಇದೆ. ಆನ್ ಮಾಡಿದರೆ ಎರಡೂ ಬದಿಯ ಧ್ವನಿ ಒಂದೇ ಕಿವಿಗೆ ಸಿಗುತ್ತದೆ.

ಮಕ್ಕಳೇ, ಹಾಡನ್ನು ಯಾರಿಗಾದರೂ ಕಳಿಸುವ ಮುನ್ನ ಹೆಡ್‌ಫೋನಿನ ಒಂದೊಂದೇ ಬದಿಯಲ್ಲಿ ಕೇಳಿ ನೋಡಿ. ಯಾವ ವಾದ್ಯವೂ ಕಾಣೆಯಾಗದಿದ್ದರೆ ನಿಮ್ಮ ಹಾಡು ಎಲ್ಲರಿಗೂ ಕೇಳಿಸುತ್ತದೆ.